ಶಿವಶರಣೆ ಅಕ್ಕಮಹಾದೇವಿಯವರ ಚರಿತ್ರೆ ಮತ್ತು ಗವಿ ದರ್ಶನ

ಶ್ರೀಶೈಲಕ್ಕೆ ಬರುವ ಕನ್ನಡನಾಡಿನ ಭಕ್ತಾದಿಗಳು ಸ್ವಾಮಿಯ ದರ್ಶನ ಆದ ಮೇಲೆ ನಮ್ಮ ಆಫೀಸಿನಲ್ಲಿ ಕೇಳುವುದು ಒಂದೇ, ಅಕ್ಕನ ಗವಿಗೆ ದಾರಿ ಯಾವುದು ಅಂತ. ದಾರಿಗಿಂತ ಮುಂಚೆ ಅಕ್ಕನ ಚರಿತ್ರೆ ತಿಳಿದಿರಲಿ ಎಂದು ಇದನ್ನು ಬರೆದಿದೆ.

12ನೇ ಶತಮಾನದಲ್ಲಿ, ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಮಹಾದೇವಿಯವರು ಜನಿಸಿದರು. ಚಿಕ್ಕಂದಿನಿಂದಲೇ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ನಂಬಿದವರು. ಅರಸ ಕೌಶಿಕನು ಇವರ ರೂಪಕ್ಕೆ ಮರುಳಾಗಿ ಮದುವೆಗೆ ಹಟ ಹಿಡಿದನು. ಮದುವೆ ಆಯಿತು ಅಂತ ಹರಿಹರನ ರಗಳೆಯಲ್ಲಿದೆ, ಆಗಲೇ ಇಲ್ಲ ಅಂತ ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. ಇದಕ್ಕೇ ಯಾತ್ರಿಕರು ಸರದಿಯಲ್ಲಿ ನಿಂತು ವಾದ ಮಾಡೋದನ್ನು ನೋಡಿದ್ದೇನೆ. ಅರಮನೆ, ಒಡವೆ, ಉಟ್ಟ ಬಟ್ಟೆ ಎಲ್ಲಾ ಬಿಟ್ಟು ತಲೆಗೂದಲನ್ನೇ ಹೊದ್ದು ಒಬ್ಬಂಟಿಯಾಗಿ ಹೊರಟರೆಂಬುದರಲ್ಲಿ ಯಾರಿಗೂ ತಕರಾರಿಲ್ಲ.

ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಸುಲಭವಾಗಿ ಒಳಗೆ ಬಿಡಲಿಲ್ಲ. ದೇಹದ ಆಸೆ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಎಂದು ತುಂಬಿದ ಸಭೆಯಲ್ಲೇ ಕೇಳಿದರು. ಒಬ್ಬ ಹೆಣ್ಣುಮಗಳಿಗೆ ಅದೆಂಥ ಪರೀಕ್ಷೆ! ಅಂಜದೆ ಉತ್ತರ ಕೊಟ್ಟರು. ವಯಸ್ಸಿನಲ್ಲಿ ಚಿಕ್ಕವರಾದರೂ ಅಂದಿನಿಂದ ಎಲ್ಲರಿಗೂ ಅಕ್ಕ ಆದರು. 400ಕ್ಕೂ ಮಿಕ್ಕಿ ವಚನಗಳು, ಯೋಗಾಂಗ ತ್ರಿವಿಧಿ ಇವರವು.

ಕಲ್ಯಾಣದಿಂದ ಇಲ್ಲಿಗೆ ಕಡಿಮೆ ಅಂದರೂ 250 ಕಿ.ಮೀ. ಮೇಲಾಗುತ್ತದೆ. ಅಕ್ಕ ಬಂದಿದ್ದು ನಡೆದು, ಕಾಡಿನಲ್ಲಿ. ಆಗ ಅಣೆಕಟ್ಟಿನ ನೀರಿರಲಿಲ್ಲ, ಕೃಷ್ಣೆ ಎಷ್ಟೋ ಕೆಳಗೆ ಕಣಿವೆಯಲ್ಲಿ ಹರಿಯುತ್ತಿದ್ದಳು.

ಈಗ ನಾವು ಪಾತಾಳಗಂಗೆಯಲ್ಲಿ ದೋಣಿ ಹತ್ತುತ್ತೇವೆ. ಇಳಿದು ಮೇಲೆ ಹತ್ತಿದರೆ ಗವಿಯ ಮುಂದೆ ಕಂಬದ ಆಸರೆಯೇ ಇಲ್ಲದ ದೊಡ್ಡ ಬಂಡೆಯ ಕಮಾನು. ಯಾರೂ ಕಟ್ಟಿದ್ದಲ್ಲ, ತಾನಾಗಿ ಆದದ್ದು. ಒಳಗೆ ಗೈಡ್ ಬ್ಯಾಟರಿ ಹಿಡಿದು ಮುಂದೆ ಹೋಗುತ್ತಾನೆ, ಅವನ ಹಿಂದೆಯೇ ಹೋಗಬೇಕು. ಹೋಗ್ತಾ ಹೋಗ್ತಾ ದಾರಿ ಇಕ್ಕಟ್ಟಾಗಿ ಒಬ್ಬೊಬ್ಬರೇ ಮೈ ಓರೆ ಮಾಡಿ, ತಲೆ ಬಗ್ಗಿಸಿ ನುಸುಳಬೇಕು. ಬಾವಲಿಗಳಿವೆ, ಕೂಗಬಾರದು. ಕೊನೆಯಲ್ಲಿ ಪುಟ್ಟ ಶಿವಲಿಂಗ. ಅಕ್ಕ ತಪಸ್ಸು ಮಾಡಿದ್ದು ಇಲ್ಲೇ ಎಂಬುದು ಪರಂಪರೆಯ ನಂಬಿಕೆ. ಬ್ಯಾಟರಿ ಆರಿಸಿದರೆ ನಮ್ಮ ಕೈ ನಮಗೆ ಕಾಣದು. ಅಂಥ ಕತ್ತಲಲ್ಲಿ ಆ ತಾಯಿ ಒಬ್ಬರೇ ಇದ್ದರಲ್ಲಾ ಅಂತ ಹೆಂಗಸರು ಕಣ್ಣೀರು ಹಾಕುತ್ತಾರೆ.

ಅಕ್ಕ ಐಕ್ಯರಾದ ಕದಳಿವನ ಬೇರೆ, ಅದಕ್ಕೆ ಕಾಡಿನಲ್ಲಿ ನಡೆಯಬೇಕು. ಎರಡೂ ಒಂದೇ ಅಂದುಕೊಂಡು ಬಹಳ ಜನ ಮೋಸ ಹೋಗುತ್ತಾರೆ. ಉಬ್ಬಸ ಇರುವವರು, ವಯಸ್ಸಾದವರು ಕಮಾನಿನ ಕೆಳಗೇ ಕೂತು ಕೈಮುಗಿಯಬಹುದು. ದೋಣಿಯವರು ಹೇಳಿದ ಹೊತ್ತಿಗೆ ತಪ್ಪದೆ ಕೆಳಗಿಳಿಯಿರಿ.