ಹವ್ಯಾಸದಿಂದ ಕಾಯಕಕ್ಕೆ: ನಾಟಕರತ್ನ ಗುಬ್ಬಿ ವೀರಣ್ಣನವರು

ಮನುಷ್ಯನಿಗೆ ಆಸೆಗಳಿರುವುದು ಸಹಜ. ಆದರೆ ಅಂತರಂಗದ ಒಲವನ್ನು ಹೊಟ್ಟೆಪಾಡಿನ ದುಡಿಮೆಯೊಡನೆ ಹೊಂದಿಸಿಕೊಂಡು ಅದನ್ನೇ ಬಾಳಿನ ವ್ರತವಾಗಿಸಿಕೊಳ್ಳುವವರು ವಿರಳ. ಬಹುಮಂದಿ ಸಂಸಾರದ ಭಾರ ಹೆಗಲೇರಿದೊಡನೆ ಬಾಲ್ಯದ ಒಲವನ್ನು ಮೂಲೆಗಿರಿಸುತ್ತಾರೆ. ಇನ್ನು ಕೆಲವರು ಅನುಕೂಲ ಒದಗಲೆಂದು ಕಾಯುತ್ತ ಕಾಯುತ್ತಲೇ ಮುಪ್ಪನ್ನು ಮುಟ್ಟುತ್ತಾರೆ. ಅನುಕೂಲಕ್ಕಾಗಿ ಕಾಯದೆ, ಕೈಯಲ್ಲಿದ್ದ ಸಾಧನಗಳಿಂದಲೇ ದಾರಿಯನ್ನು ಮಾಡಿಕೊಂಡು, ತಮ್ಮ ಒಲವಿನ ನೆರಳಿನಲ್ಲಿ ಅನೇಕ ಕುಟುಂಬಗಳಿಗೆ ಅನ್ನವನ್ನೂ ಮಾನವನ್ನೂ ಇತ್ತ ಮಹನೀಯರೊಬ್ಬರು ತುಮಕೂರು ಜಿಲ್ಲೆಯಲ್ಲಿಯೇ ಆಗಿಹೋದರು. ಅವರೇ ನಾಟಕರತ್ನ ಗುಬ್ಬಿ ವೀರಣ್ಣನವರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮಳೆಯನ್ನು ನೆಚ್ಚಿದ ಬಯಲುಸೀಮೆಯ ತಾಲ್ಲೂಕುಗಳು. ರಾಗಿ, ಕಡಲೆಕಾಯಿಗಳು ಕೈಸೇರಿ ಜಾತ್ರೆಗಳ ಕಾಲ ಬಂದಿತೆಂದರೆ ಇಲ್ಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ತಾಲೀಮು ಮೊದಲಾಗುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯವನ್ನು ಬಾಯಿಪಾಠ ಮಾಡುತ್ತಾನೆ. ಪಾತ್ರಕ್ಕಿಷ್ಟೆಂದು ತನ್ನ ಗಂಟಿನಿಂದಲೇ ಹಣ ಕಟ್ಟಿ, ಒಂದೇ ಒಂದು ಇರುಳಿನ ಮಟ್ಟಿಗೆ ದುರ್ಯೋಧನನೋ ಕರ್ಣನೋ ಆಗುತ್ತಾನೆ. ಶಾಲೆಯ ಉಪಾಧ್ಯಾಯರು, ಅಂಗಡಿಯ ಯಜಮಾನರು, ಕೂಲಿಕಾರರು ಒಂದೇ ರಂಗದ ಮೇಲೆ ನಿಲ್ಲುತ್ತಾರೆ. ಈ ಒಲವಿಗೆ ವೃತ್ತಿರಂಗಭೂಮಿಯು ಪೋಷಣೆಯನ್ನಿತ್ತ ಬಗೆಯನ್ನು ತಿಳಿಯಬೇಕಾದರೆ, ಶಿರಾ ಸೀಮೆಗೆ ನೆರೆಯಾದ ಗುಬ್ಬಿಯ ಕಥೆಯನ್ನು ತಿಳಿಯಬೇಕು.

ಗುಬ್ಬಿಯು ಅಡಕೆಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಊರಿನ ಆರಾಧ್ಯದೈವ ಶ್ರೀ ಚನ್ನಬಸವೇಶ್ವರ ಸ್ವಾಮಿ. 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಸ್ಥಳೀಯ ಕಲಾಸಕ್ತರು ಕೂಡಿ ಆ ಸ್ವಾಮಿಯ ಹೆಸರಿನಲ್ಲಿಯೇ ಒಂದು ನಾಟಕ ಸಂಘವನ್ನು ಕಟ್ಟಿದರು. ವೀರಶೈವರೂ ಮುಸಲ್ಮಾನರೂ ಒಂದೇ ದೈವದ ಹೆಸರನ್ನು ಹೊತ್ತು ಬಣ್ಣ ಹಚ್ಚಿಕೊಂಡ ಆ ಕೂಟವು ಮುಂದೆ ಕನ್ನಡ ನಾಡಿನ ಅತ್ಯಂತ ದೊಡ್ಡ ನಾಟಕ ಮಂಡಲಿಯಾಗುವುದೆಂದು ಅಂದು ಯಾರೂ ಎಣಿಸಿರಲಾರರು.

ವೀರಣ್ಣನವರು ಜನಿಸಿದುದು 1891ರಲ್ಲಿ. ಆರರ ಎಳೆಯ ಪ್ರಾಯದಲ್ಲಿಯೇ ಅವರು ಈ ಸಂಘದಲ್ಲಿ ಬಾಲನಟರಾಗಿ ಸೇರಿದರು. ಅವರ ಪಾಲಿಗೆ ರಂಗದ ಹಲಗೆಯೇ ಓದಿನ ಮಣೆಯಾಯಿತು. ನಾಟಕ ಕಂಪನಿಯ ಬದುಕು ಗುರುಕುಲವಾಸದಂತೆ ಕಠಿನವಾದುದು. ಹಿರಿಯರ ಮಾತಿನ ಧಾಟಿಯನ್ನು ಕೇಳಿ ಕಲಿಯಬೇಕು. ಪರದೆ ಕಟ್ಟುವುದರಿಂದ ಮೊದಲ್ಗೊಂಡು ದೀಪಕ್ಕೆ ಎಣ್ಣೆ ಹೊಯ್ಯುವವರೆಗೆ ಯಾವ ಕೆಲಸಕ್ಕೂ ಬೇಸರಿಸಬಾರದು. ಅಂಥ ಬಾಳಿನಲ್ಲಿ ಬೆಳೆದ ಬಾಲಕನು ಕ್ರಮೇಣ ಪ್ರಧಾನ ನಟನಾಗಿ, 1917ರ ವೇಳೆಗೆ ಸಂಘದ ಒಡೆತನವನ್ನೇ ವಹಿಸಿಕೊಂಡರು.

ಒಡೆತನವೆಂದರೆ ಸುಖದ ಗದ್ದುಗೆಯಲ್ಲ. ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತ, ಪರದೆ ಪೆಟ್ಟಿಗೆಗಳನ್ನು ಸಾಗಿಸುತ್ತ, ಆಟ ನಡೆದರೂ ನಡೆಯದಿದ್ದರೂ ಇಡೀ ಮೇಳದ ಊಟ ವಸತಿಗಳನ್ನು ನೋಡಿಕೊಳ್ಳಬೇಕಾದ ಹೊಣೆ ಅದು. ಒಂದು ವಾರ ಮಳೆ ಹಿಡಿದರೆ ಪ್ರೇಕ್ಷಕರಿಲ್ಲ. ಪ್ರೇಕ್ಷಕರಿಲ್ಲದಿದ್ದರೆ ಸಾಲವೇ ಗತಿ. ಇದಕ್ಕಿಂತ ಮಿಗಿಲಾದ ಕಷ್ಟವೊಂದಿತ್ತು. ಆ ಕಾಲದ ಸಮಾಜವು ನಾಟಕವನ್ನು ನೋಡಿ ನಲಿಯುತ್ತಿತ್ತಾದರೂ ನಾಟಕದವರನ್ನು ಮನೆಯೊಳಗೆ ಕರೆದು ಮಣೆ ಹಾಕಲು ಹಿಂಜರಿಯುತ್ತಿತ್ತು. ಬಣ್ಣ ಹಚ್ಚುವವರಿಗೆ ಬಾಡಿಗೆಗೆ ಮನೆ ದೊರೆಯುವುದೂ ದುರ್ಲಭವಾಗಿದ್ದ ದಿನಗಳವು. ಹೀಗೆ ಲೋಕವು ಹಗುರವಾಗಿ ಕಾಣುತ್ತಿದ್ದ ವೃತ್ತಿಯನ್ನು ಗೌರವದ ಕಾಯಕವಾಗಿ ಮಾಡಿ ತೋರಿಸುವುದೇ ವೀರಣ್ಣನವರ ಬಾಳಿನ ಹೆಗ್ಗುರಿಯಾಯಿತು.

ಅದಕ್ಕಾಗಿ ಅವರು ಹೂಡಿದ ಉಪಾಯಗಳು ಹಲವು. ಮೊದಲನೆಯದು ತಮ್ಮ ಶಕ್ತಿಯ ಅರಿವು. ಅಂದಿನ ರಂಗಭೂಮಿಯಲ್ಲಿ ಮನ್ನಣೆಯೆಲ್ಲ ಕಂಠಸಿರಿಯುಳ್ಳ ರಾಜಪಾತ್ರಧಾರಿಗೆ. ವೀರಣ್ಣನವರಾದರೋ ಹಾಸ್ಯವನ್ನು ತಮ್ಮ ಕ್ಷೇತ್ರವನ್ನಾಗಿ ಮಾಡಿಕೊಂಡರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರವು ಅವರಿಂದಾಗಿಯೇ ನಾಡಿನ ಮನೆಮಾತಾಯಿತು. ಕಥೆಯಲ್ಲಿ ಚಿಕ್ಕದಾದ ಪಾತ್ರವನ್ನು ನಟನು ತನ್ನ ಪ್ರತಿಭೆಯಿಂದ ಹಿರಿದಾಗಿಸಬಲ್ಲನೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಎರಡನೆಯದು ವಿದ್ವಾಂಸರ ನೆರವು. ಒಳ್ಳೆಯ ನಾಟಕಕ್ಕೆ ಒಳ್ಳೆಯ ಸಾಹಿತ್ಯ ಬೇಕೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನು ರಚಿಸಿಕೊಟ್ಟರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಹಾಡುಗಳನ್ನು ಬರೆದವರೂ ಇದೇ ಶಾಸ್ತ್ರಿಗಳು. ಮುಂದೆ ಬಿ. ಪುಟ್ಟಸ್ವಾಮಯ್ಯನವರಂಥ ಸಮರ್ಥ ಲೇಖಕರೂ ಕಂಪನಿಗೆ ದೊರೆತರು.

ಮೂರನೆಯದು ಹೊಸತನ್ನು ಸ್ವಾಗತಿಸುವ ಧೈರ್ಯ. ಹಳ್ಳಿಪಟ್ಟಣಗಳಿಗೆ ವಿದ್ಯುತ್ತು ಕಾಲಿಡುವ ಮುನ್ನವೇ ಡೈನಮೋ ಯಂತ್ರವನ್ನು ಜೊತೆಗೆ ಕೊಂಡೊಯ್ದು ರಂಗವನ್ನು ಬೆಳಗಿಸಿದರು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ನಟಿಯರಿಗೆ ರಂಗದ ಮೇಲೆ ಸ್ಥಾನವಿತ್ತರು. ಮಕ್ಕಳಿಗಾಗಿಯೇ ಪ್ರತ್ಯೇಕವಾದೊಂದು ತಂಡವನ್ನು ಕಟ್ಟಿ, ಎಳೆಯರಿಗೆ ಹಾಡು, ಮಾತು, ಅಭಿನಯಗಳನ್ನು ಕಲಿಸುವ ವ್ಯವಸ್ಥೆಯನ್ನು ಮಾಡಿದರು. ಆರು ವರ್ಷದ ಬಾಲಕನಾಗಿ ತಾವು ಕಂಪನಿಯ ಬಾಗಿಲಲ್ಲಿ ನಿಂತ ದಿನವನ್ನು ಅವರು ಮರೆತಿರಲಿಲ್ಲವೆಂದು ಇದರಿಂದ ತಿಳಿಯಬಹುದು.

ಈ ಧೈರ್ಯದ ಶಿಖರವೆಂದರೆ ‘ಕುರುಕ್ಷೇತ್ರ’ ನಾಟಕ. ಪುಟ್ಟಸ್ವಾಮಯ್ಯನವರು ರಚಿಸಿದ ಈ ಮಹಾನಾಟಕವನ್ನು 1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದಾಗ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ನಡೆದುಬಂದವು. ಭಾರತದ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಮನಸ್ಸಿನಲ್ಲಿಯೇ ಚಿತ್ರಿಸಿಕೊಂಡಿದ್ದ ಜನರಿಗೆ ಅದು ಕಣ್ಣೆದುರಿನ ಸತ್ಯವಾಗಿ ಕಂಡಿತು. ಅಪಾರ ವೆಚ್ಚದ ಸಾಹಸವಿದು. ವಿಫಲವಾಗಿದ್ದರೆ ಮೇಳವನ್ನು ನಂಬಿದ್ದವರೆಲ್ಲರ ಬದುಕೂ ಸಂಕಟಕ್ಕೆ ಸಿಲುಕುತ್ತಿತ್ತು. ಅಬ್ಬರದಿಂದ ಅಭಿನಯವು ಹಿಂದೆ ಸರಿಯುವುದೆಂಬ ಆಕ್ಷೇಪವು ಇಂಥ ಪ್ರಯೋಗಗಳಿಗೆ ಸಹಜವಾಗಿಯೇ ಅಂಟಿಕೊಳ್ಳುತ್ತದೆ. ಅದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಊರ ಜಾತ್ರೆಯಂತೆ ಜನರನ್ನು ಒಂದೆಡೆ ಸೇರಿಸಿ, ಕನ್ನಡದ ಮಾತನ್ನೂ ಪುರಾಣದ ನೀತಿಯನ್ನೂ ಅಕ್ಷರವರಿಯದವರ ಎದೆಗೆ ಮುಟ್ಟಿಸಿದ ಪುಣ್ಯವೂ ಈ ವೈಭವದ್ದೇ ಎಂಬುದನ್ನು ಮರೆಯಬಾರದು.

ಬಾಳಸಂಗಾತಿಯ ವಿಷಯದಲ್ಲಿಯೂ ಅವರ ಒಲವು ಮತ್ತು ಕಾಯಕಗಳು ಬೇರೆ ಬೇರೆಯಾಗಿರಲಿಲ್ಲ. ಪ್ರಸಿದ್ಧ ಅಭಿನೇತ್ರಿ ಬಿ. ಜಯಮ್ಮನವರು ರಂಗದ ಮೇಲೆ ಅವರ ಸಹನಟಿ, ಬಾಳಿನಲ್ಲಿ ಅವರ ಪತ್ನಿ. ದಾಂಪತ್ಯವನ್ನು ನಾಲ್ಕು ಗೋಡೆಗಳ ನಡುವೆ ಇರಿಸಿಕೊಳ್ಳುವ ಭಾಗ್ಯ ನಾಟಕದವರಿಗಿಲ್ಲ. ಅವರ ಮನೆ ಪ್ರತಿ ಮೊಕ್ಕಾಮಿನಲ್ಲಿಯೂ ಹೊಸದು. ಅವರ ಸಂಸಾರವೆಂದರೆ ಇಡೀ ಮೇಳವೇ. ಒಂದೇ ಕನಸನ್ನು ಇಬ್ಬರೂ ಹಂಚಿಕೊಂಡುದರಿಂದ ಆ ಅಲೆಮಾರಿ ಬದುಕು ಸಹ್ಯವಾಯಿತು. ಆ ಕಲೆಯ ಬಳ್ಳಿ ಮನೆತನದ ಮುಂದಿನ ತಲೆಮಾರುಗಳಿಗೂ ಹಬ್ಬಿ, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ರಂಗಭೂಮಿಯಲ್ಲಿ ದೊಡ್ಡ ಹೆಸರನ್ನು ಗಳಿಸಿ 2013ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ಇಲ್ಲಿ ವಿಧಿಯ ವಿಚಿತ್ರವೊಂದನ್ನು ಗಮನಿಸಬೇಕು. ನಾಟಕದ ಪ್ರೇಕ್ಷಕರನ್ನು ಮುಂದೆ ಸೆಳೆದುಕೊಂಡುದು ಚಲನಚಿತ್ರ. ಆ ಚಲನಚಿತ್ರವನ್ನು ಕನ್ನಡ ನಾಡಿನಲ್ಲಿ ಬೇರೂರಿಸಿದವರಲ್ಲಿ ವೀರಣ್ಣನವರೂ ಅಗ್ರಗಣ್ಯರು. ಮೂಕಚಿತ್ರಗಳ ಕಾಲದಲ್ಲಿಯೇ ಅವರು ಚಿತ್ರನಿರ್ಮಾಣಕ್ಕೆ ಕೈಹಾಕಿದರು. 1935ರಲ್ಲಿ ‘ಸದಾರಮೆ’ ವಾಕ್ಚಿತ್ರವಾಯಿತು. ‘ಸುಭದ್ರಾ’, ‘ಜೀವನ ನಾಟಕ’ಗಳ ಬಳಿಕ 1946ರಲ್ಲಿ ಶಿವಶರಣೆ ಹೇಮರೆಡ್ಡಿ ಮಲ್ಲಮ್ಮನ ಚರಿತ್ರೆಯೂ ಬೆಳ್ಳಿತೆರೆಯನ್ನು ಏರಿತು. ಬರುವ ಪ್ರವಾಹಕ್ಕೆ ಅಡ್ಡಗಟ್ಟೆ ಹಾಕಲಾಗದೆಂದು ಕಂಡ ರೈತನು ಕಾಲುವೆ ತೋಡಿ ಆ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಳ್ಳುವಂತೆ ಅವರು ವರ್ತಿಸಿದರು. ಆದರೂ ಆ ನೀರು ಹಳೆಯ ಹೊಲದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಕೊಚ್ಚಿಕೊಂಡು ಹೋದುದೂ ನಿಜ. ಕಂಪನಿ ನಾಟಕಗಳ ವೈಭವವು ಇಳಿಮುಖವಾಗುವುದನ್ನು ಅವರು ತಮ್ಮ ಜೀವಿತದಲ್ಲಿಯೇ ಕಾಣಬೇಕಾಯಿತು.

ವೈಭವ ಕುಂದಿದರೂ ಅವರು ಬೆಳೆಸಿದ ಮನುಷ್ಯರು ಉಳಿದರು. ಅವರ ನಿಜವಾದ ಆಸ್ತಿ ಇದೇ. ತಂದೆಯವರೊಡನೆ ಕಂಪನಿಯನ್ನು ಸೇರಿದ್ದ ಮುತ್ತುರಾಜ ಎಂಬ ತರುಣನು, ಗುಬ್ಬಿ ಸಂಸ್ಥೆಯೂ ಎ.ವಿ.ಎಂ. ಸಂಸ್ಥೆಯೂ ಕೂಡಿ 1954ರಲ್ಲಿ ಹೊರತಂದ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಶಿವಭಕ್ತನ ಪಾತ್ರವನ್ನು ವಹಿಸಿ ರಾಜ್‌ಕುಮಾರ್ ಎಂಬ ಹೆಸರಿನಿಂದ ಕನ್ನಡಿಗರ ಕಣ್ಮಣಿಯಾದನು. ತಿಪಟೂರಿನ ನರಸಿಂಹರಾಜು, ಟಿ. ಎನ್. ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೆಲ್ಲರೂ ಆ ಮೇಳದ ಅನ್ನವನ್ನುಂಡು ಬೆಳೆದವರೇ.

ಇವರೆಲ್ಲರಿಗಿಂತ ಶಾಲಾ ಸಂಸ್ಥೆಗಳು ವಿಶೇಷವಾಗಿ ನೆನೆಯಬೇಕಾದುದು ಬಿ. ವಿ. ಕಾರಂತರ ವೃತ್ತಾಂತವನ್ನು. ದಕ್ಷಿಣ ಕನ್ನಡದ ಬಾಲಕನೊಬ್ಬನು ನಾಟಕದ ಹುಚ್ಚಿನಿಂದ ಮನೆಯನ್ನು ಬಿಟ್ಟು ಬಂದು ಕಂಪನಿಯನ್ನು ಸೇರಿದನು. ಚುರುಕಾದ ಹುಡುಗನನ್ನು ತಮ್ಮ ಬಳಿಯೇ ಇರಿಸಿಕೊಂಡಿದ್ದರೆ ಕಂಪನಿಗೆ ಲಾಭವಿತ್ತು. ವೀರಣ್ಣನವರು ಹಾಗೆ ಮಾಡದೆ ಅವನನ್ನು ಉನ್ನತ ವ್ಯಾಸಂಗಕ್ಕಾಗಿ ದೂರದ ಕಾಶಿಗೆ ಕಳುಹಿಸಿದರು. ಆತನು ಅಲ್ಲಿ ಹಿಂದಿಯಲ್ಲಿ ಎಂ.ಎ. ಪದವಿಯನ್ನು ಪಡೆದು, ಸಂಗೀತವನ್ನೂ ಅಭ್ಯಾಸಮಾಡಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕನಾದನು; 1989ರಲ್ಲಿ ಮೈಸೂರಿನಲ್ಲಿ ರಂಗಾಯಣವು ಆರಂಭವಾದಾಗ ಅದರ ಚುಕ್ಕಾಣಿಯನ್ನೂ ಹಿಡಿದನು. ಎಳೆತನದಲ್ಲಿಯೇ ರಂಗಕ್ಕೆ ಬಂದು ಅಲ್ಲಿಯೇ ಸರ್ವವನ್ನೂ ಕಲಿತವರೊಬ್ಬರು ಇನ್ನೊಬ್ಬರ ಮಗನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ ಈ ಒಂದು ಕಾರ್ಯವು ಅವರ ಎಲ್ಲ ಆನೆ ಕುದುರೆಗಳಿಗಿಂತ ತೂಕವುಳ್ಳದ್ದು.

ಮೈಸೂರು ಮಹಾರಾಜರು ವೀರಣ್ಣನವರಿಗೆ ‘ನಾಟಕರತ್ನ’ ಎಂಬ ಬಿರುದನ್ನಿತ್ತು ಗೌರವಿಸಿದರು. 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀ ಪುರಸ್ಕಾರವೂ ಅವರನ್ನು ಅರಸಿಕೊಂಡು ಬಂದವು. ನಾಟಕದವರೆಂದರೆ ಮೂಗು ಮುರಿಯುತ್ತಿದ್ದ ಸಮಾಜವೇ ಅವರನ್ನು ಹೂವಿನ ಹಾರ ಹಾಕಿ ಮೆರೆಸಿತು. ಅದೇ 1972ರ ಅಕ್ಟೋಬರ್ 18ರಂದು ಅವರು ಶಿವೈಕ್ಯರಾದರು. ಇಂದು ಕರ್ನಾಟಕ ಸರ್ಕಾರವು ರಂಗಭೂಮಿಯ ಸಾಧಕರಿಗೆ ಕೊಡುವ ಹಿರಿಯ ಪ್ರಶಸ್ತಿಯು ಅವರ ಹೆಸರನ್ನು ಹೊತ್ತಿದೆ. ತುಮಕೂರು ನಗರದ ಕಲಾಕ್ಷೇತ್ರವೂ ಅವರ ನಾಮಾಂಕಿತದಿಂದಲೇ ಬೆಳಗುತ್ತಿದೆ.

ತಮ್ಮ ಆತ್ಮಕಥೆಗೆ ವೀರಣ್ಣನವರು ಇರಿಸಿದ ಹೆಸರು ‘ಕಲೆಯೇ ಕಾಯಕ’. ಅವರ ಬಾಳಿನ ಸಾರವೆಲ್ಲ ಆ ಎರಡು ಪದಗಳಲ್ಲಿ ಅಡಗಿದೆ. ಹನ್ನೆರಡನೆಯ ಶತಮಾನದ ಶಿವಶರಣರು ಕಾಯಕಗಳಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ದುಡಿಮೆಯು ಪರಿಶುದ್ಧವಾಗಿದ್ದು, ಅದರ ಫಲವು ದಾಸೋಹಕ್ಕೆ ಸಲ್ಲುವುದಾದರೆ ಚಪ್ಪಲಿ ಹೊಲಿಯುವುದೂ ದೋಣಿ ನಡೆಸುವುದೂ ಪೂಜೆಯೇ ಎಂದರು. ಹಾಸ್ಯಗಾರನ ಬಣ್ಣವನ್ನೂ ಆ ಸಾಲಿಗೆ ಸೇರಿಸಿದವರು ವೀರಣ್ಣನವರು. ತನಗೊಬ್ಬನಿಗೇ ಸಂತೋಷ ಕೊಡುವ ಒಲವು ಹವ್ಯಾಸ. ಹಲವರ ಹೊಟ್ಟೆಯನ್ನೂ ಮನಸ್ಸನ್ನೂ ತುಂಬಿಸುವ ಒಲವು ಕಾಯಕ. ಇವೆರಡರ ನಡುವಿನ ದಾರಿಯು ದೀರ್ಘವಾದುದು, ಸಾಲಸೋಲಗಳಿಂದ ಕೂಡಿದುದು. ಆದರೆ ನಡೆಯಲಾಗದ ದಾರಿಯಲ್ಲ.

ಪಾವಗಡದ ಬಿಸಿಲಿನಲ್ಲಿ ದುಡಿದು ಬಂದು ರಾತ್ರಿ ತಾಲೀಮಿಗೆ ಕೂರುವ ರೈತನಿಗೂ, ಪಾಠದ ಪುಸ್ತಕದ ಹಿಂದಿನ ಹಾಳೆಯಲ್ಲಿ ಚಿತ್ರ ಬರೆಯುವ ವಿದ್ಯಾರ್ಥಿಗೂ ಈ ಚರಿತ್ರೆಯು ಒಂದು ಧೈರ್ಯವನ್ನು ಹೇಳುತ್ತದೆ. ಉಪಾಧ್ಯಾಯರಿಗೂ ದಾನಿಗಳಿಗೂ ಹೇಳುವುದು ಇನ್ನೊಂದು ಮಾತು. ಮಗುವಿನ ಒಲವನ್ನು ಹುಚ್ಚೆಂದು ಹಳಿದು ಮೂಲೆಗೊತ್ತುವುದು ಸುಲಭ. ಅದಕ್ಕೆ ವಿದ್ಯೆಯ ನೀರೆರೆದು ಕಾಶಿಯವರೆಗೆ ಕಳುಹಿಸುವುದು ಕಷ್ಟ. ಆ ಕಷ್ಟವನ್ನು ಕೈಗೊಳ್ಳುವವರಿರುವ ವಿದ್ಯಾಸಂಸ್ಥೆಯಲ್ಲಿ ಮುಂದಿನ ವೀರಣ್ಣನೂ ಮುಂದಿನ ಕಾರಂತನೂ ಹಿಂದಿನ ಬೆಂಚಿನಲ್ಲಿ ಕುಳಿತೇ ಇರುತ್ತಾರೆ.