ಬ್ರೇಕಿಗೆ ಚರ್ಮ ಹೊಡೆಸಿದ ಬರ್ತಾ ಬೆಂಜ್

ಬೆಂಜ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಆ ನಕ್ಷತ್ರ, ಆಮೇಲೆ ಅದರ ರೇಟು. ಸ್ವಲ್ಪ ಓದಿಕೊಂಡವರು ಕಾರ್ಲ್ ಬೆಂಜ್ ಹೆಸರು ಹೇಳ್ತಾರೆ. ಅವರ ಹೆಂಡತಿ ಬರ್ತಾ ಬಗ್ಗೆ ಹೆಚ್ಚಿನವರಿಗೆ ಗೊತ್ತಿರೋದು ಟೋಪಿ ಪಿನ್ನಿನ ಕಥೆ ಮಾತ್ರ. ಆ ಕಥೆ ಚೆನ್ನಾಗಿದೆ, ಆದರೆ ಅದೇ ದಾರಿಯಲ್ಲಿ ಅವರು ಬ್ರೇಕಿಗೆ ಮಾಡಿಸಿದ ಕೆಲಸ ಪಿನ್ನಿಗಿಂತ ದೊಡ್ಡದು ಅಂತ ನಮ್ಮ ವಾದ.

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ. ಕಾರ್ಲ್ ಆಗ ಮ್ಯಾನ್‌ಹೈಮ್‌ನಲ್ಲಿ ಪಾಲುದಾರನೊಬ್ಬನ ಜೊತೆ ವರ್ಕ್‌ಶಾಪ್ ಶುರುಮಾಡಿ ಕಷ್ಟದಲ್ಲಿದ್ದರು. ಮದುವೆಗೆ ತವರಿನಿಂದ ಬರಬೇಕಿದ್ದ ಹಣವನ್ನು ಬರ್ತಾ ಮೊದಲೇ ತರಿಸಿದರು. ಆ ದುಡ್ಡಲ್ಲೇ ಪಾಲುದಾರನನ್ನು ಬಿಡಿಸಿದ್ದು. ಅಂದರೆ 1872ರಲ್ಲಿ ಮದುವೆಯಾಗುವ ಮೊದಲೇ ಆಕೆ ಕಂಪನಿಯ ಇನ್ವೆಸ್ಟರ್! ಮುಂದೆ ವರ್ಷಗಟ್ಟಲೆ ಸಾಲ, ಸೋಲು. 1879ರ ಡಿಸೆಂಬರ್ 31ರ ರಾತ್ರಿ ಅವರ ಟೂ-ಸ್ಟ್ರೋಕ್ ಎಂಜಿನ್ ಕೊನೆಗೂ ಸರಿಯಾಗಿ ಓಡಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು. ಅದರಲ್ಲಿ ಇದ್ದದ್ದು ಕಾರ್ಲ್ ಹೆಸರೊಂದೇ.

ಪೇಟೆಂಟ್ ಏನೋ ಆಯ್ತು, ಗಾಡಿ ಕೊಳ್ಳೋರು ಯಾರು? ಕಾರ್ಲ್ ಶೆಡ್ಡಿನಲ್ಲೇ ಇನ್ನೂ ಸರಿ ಮಾಡ್ತಾ ಕೂತಿದ್ದರು. ಇಂಥವರು ನಮ್ಮ ಪ್ರಾಜೆಕ್ಟ್ ಟೀಮ್‌ಗಳಲ್ಲೂ ಇರ್ತಾರೆ, ಹೆಸರು ಬೇಡ. 1888ರ ಆಗಸ್ಟ್‌ನ ಒಂದು ಬೆಳಗ್ಗೆ ಗಂಡನಿಗೆ ಹೇಳದೆ ಬರ್ತಾ ಗಾಡಿ ಹೊರಗೆ ತೆಗೆದರು. ಜೊತೆಗೆ 15 ವರ್ಷದ ಓಯ್ಗನ್, 13 ವರ್ಷದ ರಿಚರ್ಡ್. ಹೋಗಬೇಕಾದ್ದು ತವರೂರಿಗೆ, ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ದಾರಿ ಕುದುರೆ ಗಾಡಿಗಳದ್ದು, ಪೆಟ್ರೋಲ್ ಬಂಕ್ ಅನ್ನೋ ಕಲ್ಪನೆಯೇ ಇಲ್ಲ. ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯೋಕೆ ಬಳಸುತ್ತಿದ್ದ ಲಿಗ್ರೋಯಿನ್ ಕೊಂಡು ತುಂಬಿಸಿದರು. ಎಂಜಿನ್ ತಂಪು ಮಾಡೋಕೆ ಸಿಕ್ಕಲ್ಲೆಲ್ಲ ನೀರು. ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿ ಪಿನ್ನು, ವೈರಿನ ಇನ್ಸುಲೇಷನ್ ಹೋದಾಗ ಕಾಲುಚೀಲದ ಪಟ್ಟಿ. ಏರಿನಲ್ಲಿ ಎಂಜಿನ್ ಕೈಕೊಟ್ಟಾಗ ಹುಡುಗರು ಇಳಿದು ತಳ್ಳಿದರು.

ಏರಿನಲ್ಲಿ ಗಾಡಿ ನಿಂತರೆ ತಳ್ಳಬಹುದು. ಇಳಿಜಾರಿನಲ್ಲಿ ನಿಲ್ಲದೇ ಹೋದರೆ? ಗಾಡಿಯ ಬ್ರೇಕು ಮರದ ತುಂಡು. ಇಳಿಜಾರಿನಲ್ಲಿ ಉಜ್ಜಿ ಉಜ್ಜಿ ಮರ ಸವೆಯಿತು, ಹಿಡಿತ ಕಮ್ಮಿಯಾಯ್ತು. ಮೇಲೆ ಕೂತಿರೋದು ಇಬ್ಬರು ಮಕ್ಕಳು. ಬರ್ತಾ ಬೌಶ್ಲಾಟ್ ಅನ್ನೋ ಹಳ್ಳಿಯಲ್ಲಿ ಚಪ್ಪಲಿ-ಬೂಟು ಹೊಲಿಯುವವನ ಹತ್ತಿರ ಹೋಗಿ, ಆ ಮರದ ಮೇಲೆ ಚರ್ಮ ಹೊಡೆಸಿದರು. ಬ್ರೇಕಿನ ಚೌಕಟ್ಟು ಒಂದು, ಉಜ್ಜುವ ಮೇಲ್ಮೈ ಇನ್ನೊಂದು, ಸವೆದರೆ ಅದನ್ನಷ್ಟೇ ಬದಲಾಯಿಸಿದರೆ ಸಾಕು. ಕಾರಿನ ಮೊದಲ ಬ್ರೇಕ್ ಲೈನಿಂಗ್ ಅಂತ ಈಗ ಹೇಳೋದು ಇದನ್ನೇ. ಒಂಬತ್ತು ವರ್ಷದ ಮೇಲೆ, 1897ರಲ್ಲಿ, ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಬ್ರೇಕ್ ಲೈನಿಂಗನ್ನೇ ಕಸುಬು ಮಾಡಿಕೊಂಡರು. ಫೆರೋಡೊ ಅನ್ನೋ ಹೆಸರು ಬಂದಿದ್ದು ಅವರಿಂದ.

ಚರ್ಮ ಯಾಕೆ ಕೆಲಸ ಮಾಡಿತು ಅನ್ನೋದು ಇವತ್ತಿನ ಪ್ಯಾಡಿಗೂ ಸಂಬಂಧಪಟ್ಟ ವಿಷಯ. ಗಟ್ಟಿ ಮರ ಉಬ್ಬಿರುವ ಕಡೆ ಮಾತ್ರ ತಾಗುತ್ತೆ. ಮೆದು ಚರ್ಮ ಎದುರಿನ ಆಕಾರಕ್ಕೆ ಬೇಗ ಒಗ್ಗಿಕೊಳ್ಳುತ್ತೆ. ಹೊಸ ಪ್ಯಾಡ್ ಹಾಕಿಸಿದಾಗ ಮೆಕ್ಯಾನಿಕ್‌ಗಳು ಸೆಟ್ ಆಗಲಿ ಅಂತಾರಲ್ಲ, ಅದು ಒಂದು ಅರ್ಥದಲ್ಲಿ ಇದೇ. ಆದರೆ ಈಗ ಇನ್ನೊಂದು ಸಂಗತಿ ಸೇರಿದೆ: ಬಿಸಿಯಾದ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೆಳ್ಳಗೆ, ಸುತ್ತಲೂ ಒಂದೇ ಸಮ ಅಂಟಬೇಕು. ಪರ್ಫಾರ್ಮೆನ್ಸ್ ಪ್ಯಾಡುಗಳು ಈ ಪದರವನ್ನೇ ಹೆಚ್ಚು ನೆಚ್ಚಿಕೊಂಡಿರುತ್ತವೆ. ಹೊಸ ಪ್ಯಾಡನ್ನು ಕಾಯಿಸಿ, ಒಂದೇ ಸಲ ಗಟ್ಟಿಯಾಗಿ ನಿಲ್ಲಿಸಿ, ಪೆಡಲ್ ಒತ್ತಿಕೊಂಡೇ ಸಿಗ್ನಲ್‌ನಲ್ಲಿ ನಿಂತರೆ ಆ ಜಾಗದಲ್ಲಿ ಮಚ್ಚೆ ಬಿದ್ದ ಹಾಗೆ ಪದಾರ್ಥ ಅಂಟಿಕೊಳ್ಳುತ್ತೆ. ಆಮೇಲೆ ಪ್ರತಿ ಸುತ್ತಿಗೂ ಪ್ಯಾಡು ಅಲ್ಲಿ ಹಿಡಿತ ಬದಲಿಸುತ್ತೆ, ಸ್ಟೀರಿಂಗ್ ಗಡಗಡ ನಡುಗುತ್ತೆ. ಡಿಸ್ಕ್ ಬೆಂಡಾಗಿದೆ ಅಂತ ಎಲ್ಲರೂ ಹೇಳಿಬಿಡ್ತಾರೆ. ಎಷ್ಟೋ ಸಲ ಅದು ಬೆಂಡಾಗಿರಲ್ಲ, ಪದರ ಏರುಪೇರಾಗಿರುತ್ತೆ ಅಷ್ಟೇ.

ಅದಕ್ಕೆ ಮದ್ದು ಬೆಡ್ಡಿಂಗ್. ಪ್ಯಾಡ್ ತಯಾರಕರು ಕೊಟ್ಟ ಕ್ರಮವೇ ಮುಖ್ಯ, ಒಂದೊಂದಕ್ಕೂ ಬೇರೆ ಬೇರೆ ಇರುತ್ತೆ. ಸಾಮಾನ್ಯವಾಗಿ ಖಾಲಿ, ಸುರಕ್ಷಿತ ಜಾಗದಲ್ಲಿ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ನಿಧಾನ ಮಾಡಿ, ಮತ್ತೆ ವೇಗ. ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸುತ್ತಾ ತಣ್ಣಗಾಗಲು ಬಿಡಬೇಕು. ನಡುಕ ಶುರುವಾಗಿ ಹೆಚ್ಚು ದಿನ ಆಗದಿದ್ದರೆ, ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತೆ. ಮಚ್ಚೆ ಗಟ್ಟಿಯಾಗಿ ಕೂತಿದ್ದರೆ ಡಿಸ್ಕನ್ನು ಲೇಥಿಗೆ ಕೊಡಬೇಕು, ಇಲ್ಲ ಬದಲಾಯಿಸಬೇಕು. ಇಷ್ಟೆಲ್ಲ ರಸ್ತೆಯಲ್ಲೇ ಆಗಬೇಕಾದ್ದು; ಬರ್ತಾಗೂ ಮರದ ಬ್ರೇಕಿನ ಕೊರತೆ ಗೊತ್ತಾಗಿದ್ದು ಶೆಡ್ಡಿನಲ್ಲಲ್ಲ, ಇಳಿಜಾರಿನಲ್ಲಿ.

ಆವತ್ತು ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ತಲುಪಿ ಕಾರ್ಲ್‌ಗೆ ಟೆಲಿಗ್ರಾಂ ಕಳಿಸಿದರು. ಕೆಲ ದಿನ ಇದ್ದು, ಮತ್ತೆ ಗಾಡಿಯಲ್ಲೇ ವಾಪಸ್. ಆಕೆ ತಂದ ಅನುಭವದಿಂದ ಏರಿಗೆ ಬೇಕಾದ ಇನ್ನೊಂದು ಗೇರ್ ಕೂಡ ಬಂತು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ. ನಿಧಾನಕ್ಕೆ ಗಿರಾಕಿಗಳು ಬಂದರು, ಶತಮಾನ ಮುಗಿಯುವಷ್ಟರಲ್ಲಿ ಬೆಂಜ್ ಕಂಪನಿ ಜಗತ್ತಿನ ಅತಿ ದೊಡ್ಡ ಕಾರು ತಯಾರಕ ಆಗಿತ್ತು.

ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ ಲಾಡೆನ್‌ಬುರ್ಗ್‌ನ ಮನೆಯಲ್ಲೇ ಇದ್ದರು. ಕಾರ್ಲ್ ಓದಿದ್ದು ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ. ಬರ್ತಾ ಹುಡುಗಿಯಾಗಿದ್ದ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಸೀಟೇ ಇರಲಿಲ್ಲ. ಅದೇ ಸಂಸ್ಥೆ, ಅಷ್ಟರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾಗಿತ್ತು, 1944ರ ಮೇ 3ರಂದು, ಅವರ 95ನೇ ಹುಟ್ಟುಹಬ್ಬಕ್ಕೆ, ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡು ದಿನ ಬಿಟ್ಟು, ಮೇ 5ಕ್ಕೆ, ಅವರು ಹೋದರು. 2008ರಿಂದ ಆ ಮ್ಯಾನ್‌ಹೈಮ್–ಫೋರ್ಟ್ಸ್‌ಹೈಮ್ ದಾರಿಗೆ ಅವರ ಹೆಸರಿನ ಬೋರ್ಡುಗಳಿವೆ, ಬೌಶ್ಲಾಟ್ ಹಳ್ಳಿಯೂ ಆ ದಾರಿಯಲ್ಲೇ ಸಿಗುತ್ತೆ.