ಅಂಗಡಿಯ ಲೆಕ್ಕದಿಂದ ದಿವಾನಗಿರಿಗೆ: ಪೂರ್ಣಯ್ಯನವರ ಬದುಕು

ದಿವಾನ್ ಪೂರ್ಣಯ್ಯನವರ ಆಡಳಿತವನ್ನು ವಿವೇಚಿಸುವಾಗ, ಅವರು ಅಂಗಡಿಯ ಲೆಕ್ಕಿಗರಾಗಿ ಬದುಕನ್ನು ಆರಂಭಿಸಿದ ಸಂಗತಿಯನ್ನು ಮರೆಯಲಾಗದು. 1746ರಲ್ಲಿ ತಮಿಳು ಸೀಮೆಯ ಬಡ ಮಾಧ್ವ ಕುಟುಂಬದಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ವರ್ತಕರ ಬಳಿ ಲೆಕ್ಕ ಬರೆದರು. ಅವರಲ್ಲೊಬ್ಬರಾದ ಅನ್ನದಾನ ಶೆಟ್ಟಿಯವರಿಗೆ ಹೈದರಾಲಿಯ ಅರಮನೆಗೆ ಸಾಮಗ್ರಿ ಒದಗಿಸುವ ವ್ಯವಹಾರವಿತ್ತು. ಪೂರ್ಣಯ್ಯನವರು ಹೈದರನ ಕಣ್ಣಿಗೆ ಬಿದ್ದುದು ಈ ಮೂಲಕವೇ. 1782ರಲ್ಲಿ ಹೈದರನ ಮರಣವನ್ನು ಟಿಪ್ಪು ಬರುವತನಕ ಗುಟ್ಟಾಗಿಟ್ಟವರಲ್ಲಿ ಅವರೂ ಒಬ್ಬರು.

1799ರ ಮಾರ್ಚಿನಲ್ಲಿ ಮಳವಳ್ಳಿಯ ಕಾಳಗ, ಮೇ 4ರಂದು ಶ್ರೀರಂಗಪಟ್ಟಣದ ಪತನ. ಟಿಪ್ಪುವಿನ ಮಂತ್ರಿಯಾಗಿದ್ದವರೇ ಎರಡು ತಿಂಗಳೊಳಗೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಇದನ್ನು ದ್ರೋಹವೆಂದೋ ಚಾತುರ್ಯವೆಂದೋ ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸುಲಭ. ಆದರೆ ಸಂಸ್ಥಾನದ ಕಂದಾಯದ ಒಳಹೊರಗನ್ನು ಅಷ್ಟು ಬಲ್ಲವರು ವಿರಳ. ಇಂಗ್ಲಿಷರಿಗೆ ಬೇಕಿದ್ದುದೂ ಆ ತಿಳಿವಳಿಕೆಯೇ. ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿ ಸಲ್ಲಬೇಕಿತ್ತು. ಅದನ್ನು ಸಲ್ಲಿಸಿ, 1804ರಲ್ಲಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನೂ ಮುಗಿಸಿ, ಬೊಕ್ಕಸದಲ್ಲಿ ಸುಮಾರು 2 ಕೋಟಿ ರೂಪಾಯಿಗಳನ್ನು ಅವರು ಕೂಡಿಟ್ಟರು. ಈ ಉಳಿತಾಯ ರೈತನಿಗೆ ಎಷ್ಟು ಭಾರವಾಯಿತೆಂಬುದು ಬೇರೆಯೇ ಪ್ರಶ್ನೆ. ವರ್ತಕನ ಖಾತೆಯಲ್ಲಿ ಅದಕ್ಕೆ ಕಲಮಿರಲಿಲ್ಲ.

1807ರಲ್ಲಿ ಯಳಂದೂರು ಜಹಗೀರು ದೊರೆಯಿತು. ದಿವಾನಗಿರಿಯೂ ವಂಶದಲ್ಲೇ ಉಳಿಯಲೆಂಬ ಆಸೆ ಮಾತ್ರ ಕೈಗೂಡಲಿಲ್ಲ. 1811ರಲ್ಲಿ ಅರಸರು ಅಧಿಕಾರ ವಹಿಸಿಕೊಂಡರು. ನಿವೃತ್ತರಾದ ಪೂರ್ಣಯ್ಯನವರು 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನರಾದರು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿಯವರು ಮೈಸೂರಿನ ದಿವಾನರಾದುದು 1901ರಲ್ಲಿ.